ಹೊಲಿಗೆ ಇಲ್ಲದ ಬೇನೆ

ಆಪರೇಷನ್ ಇಲ್ಲದೆಯೂ ಆಗುತ್ತದೆ ಅಂತ ಡಾಕ್ಟರೇ ಹೇಳಿದ ಮೇಲೆ ಮನೆಮಂದಿಗೆಲ್ಲ ಹೋದ ಜೀವ ಬಂದಂತಾಗಬೇಕು. ಬೈಲಹೊಂಗಲದ ಮಾರ್ಕೆಟ್ ಯಾರ್ಡಿನ ಹಿಂದಿರುವ ಗಂಗಪ್ಪನ ಖಾನಾವಳಿಯಲ್ಲೂ ಹಾಗೆಯೇ ಆಯಿತು, ಒಬ್ಬಳನ್ನು ಬಿಟ್ಟು. ಆ ಒಬ್ಬಳು ಬೇರೆ ಯಾರೂ ಅಲ್ಲ, ಯಾರ ಹೊಟ್ಟೆಯಲ್ಲಿ ಗಂಟು ಇತ್ತೋ ಆಕೆಯೇ. ಗಂಗಪ್ಪನ ಹೆಂಡತಿ ಕೆಂಚವ್ವ.

"ಕೊಯ್ಯೂದಿಲ್ಲ, ಹೊಲಿಯೂದಿಲ್ಲ," ಅಂತ ಗಂಗಪ್ಪ ಊಟಕ್ಕೆ ಕೂತವನೇ ಮಗ ಮಹಾದೇವನಿಗೂ ಸೊಸೆ ಮಧುವಿಗೂ ಹೇಳಿದ. "ಗಂಟು ಎಲ್ಲೈತೋ ಅಲ್ಲಿಗೇ ಗುರಿ ಇಟ್ಟು ಕಿರಣ ಬಿಡ್ತಾರಂತ. ದಿನಾ ಬಿಟ್ಟು ದಿನಾ, ಐದ ಸಲ. ಮುಂಜಾನೆ ಬೆಳಗಾವಿಗೆ ಹೋಗೂದು, ಸಂಜಿಗೆ ಮನಿಗೆ ಬರೂದು. ದವಾಖಾನ್ಯಾಗ ಒಂದ ರಾತ್ರಿನೂ ಇರೂದು ಬ್ಯಾಡ."

"ಅಂದ್ರ ಕರೆಂಟ್ ಕೊಡೂದು," ಅಂದ ಮಹಾದೇವ.

"ಹಂಗ ಅನ್ನು. ಆದ್ರ ಇದು ಹೊಸಾ ತರದ್ದು. ಸುತ್ತಮುತ್ತ ಸುಡೂದಿಲ್ಲಂತ."

ಕೆಂಚವ್ವ ಗಂಡನ ತಾಟಿಗೆ ಬಿಸಿ ರೊಟ್ಟಿ ಹಾಕಿ, ಸೆರಗಿನಿಂದ ಕೈ ಒರೆಸಿಕೊಂಡಳು. "ನನಗ ಆಪರೇಷನ್ನ ಮಾಡಸ್ರಿ," ಅಂದಳು.

ಮೂವರೂ ಅವಳ ಮುಖ ನೋಡಿದರು. ಅವಳು ಇನ್ನೊಂದು ರೊಟ್ಟಿ ತರಲು ಒಳಗೆ ಹೋದಳು.

ಎರಡು ವರ್ಷದ ಹಿಂದೆ ಕೆಂಚವ್ವನ ದೊಡ್ಡ ಕರುಳಿನ ಕ್ಯಾನ್ಸರನ್ನು ಬೆಳಗಾವಿಯಲ್ಲಿ ಕೊಯ್ದು ತೆಗೆದಿದ್ದರು. ಆಮೇಲೆ ಸಲೈನಿನಲ್ಲಿ ಔಷಧ ಹರಿಸಿ, ಎಲ್ಲ ಮುಗಿಯಿತು ಅಂದಿದ್ದರು. ಮುಗಿದಿರಲಿಲ್ಲ. ಅದೇ ಬೇನೆಯ ಒಂದು ಗಂಟು ಈಗ ಲಿವರಿನಲ್ಲಿ ಕಾಣಿಸಿಕೊಂಡಿತ್ತು. ಒಂದೇ ಒಂದು, ಅದೂ ಸಣ್ಣದು, ಬೇಗ ಏನಾದರೂ ಮಾಡಿದರೆ ಆಸೆ ಇದೆ ಅನ್ನುವುದು ಡಾಕ್ಟರ ಮಾತು. ಕೊಯ್ದು ತೆಗೆಯಬಹುದು, ಇಲ್ಲವೇ ಗುರಿಯಿಟ್ಟು ಕಿರಣ ಬಿಡಬಹುದು, ಈಕೆಯ ಗಂಟಿಗೆ ಎರಡೂ ನಡೆಯುತ್ತದೆ, ಮನೆಯಲ್ಲಿ ಮಾತಾಡಿಕೊಂಡು ಬನ್ನಿ ಅಂತ ಕಳಿಸಿದ್ದರು.

ಮಾತಾಡುವುದಕ್ಕೆ ಏನಿದೆ ಅಂತ ಗಂಗಪ್ಪನಿಗೆ ತಿಳಿಯಲಿಲ್ಲ. ಖಾನಾವಳಿಯ ಬಾಗಿಲ ಮೇಲೆ 'ಕೆಂಚವ್ವನ ಕೈರೊಟ್ಟಿ ಊಟ' ಅಂತ ಕೆಂಪು ಅಕ್ಷರದ ಬೋರ್ಡು ಇದೆ. ಯಾರ್ಡಿನ ಹಮಾಲರು, ದಲಾಲರು, ಮಾಲು ತಂದ ರೈತರು, ಕಾಲೇಜಿನ ಹುಡುಗರು ಎಲ್ಲ ಬರುವುದು ಆ ರೊಟ್ಟಿಗೆ. ಪಲ್ಯ ಮಹಾದೇವ ಮಾಡುತ್ತಾನೆ, ಬಡಿಸುತ್ತಾನೆ. ಗಲ್ಲಾದ ಮೇಲೆ ಗಂಗಪ್ಪ ಕೂರುತ್ತಾನೆ. ಹಿಂದಿನ ಅಡಿಗೆಮನೆಯಲ್ಲಿ ಎಸರಿಟ್ಟು, ಬಿಸಿ ಹಿಟ್ಟು ನಾದಿ, ಎರಡೂ ಅಂಗೈಯಲ್ಲಿ ತಟ್ಟಿ ತಟ್ಟಿ ಹಂಚಿಗೆ ಹಾಕುವವಳು ಕೆಂಚವ್ವ. ಮುಂಜಾನೆ ಕೂತರೆ ಮಧ್ಯಾಹ್ನದ ಊಟ ಮುಗಿಯುವವರೆಗೆ, ಮತ್ತೆ ಸಂಜೆ ಕೂತರೆ ಬಾಗಿಲು ಹಾಕುವವರೆಗೆ. ಹೆಸರು ಅವಳದು, ಬೋರ್ಡು ಅವಳದು, ಬೆಂಕಿಯೂ ಅವಳದೇ.

"ಎವ್ವಾ, ನಿನಗ ತಲಿ ಸರಿ ಐತಿಲ್ಲೋ?" ಅಂತ ಮಹಾದೇವ ಮರುದಿನವೇ ಶುರು ಮಾಡಿದ. "ಜನಾ ಆಪರೇಷನ್ ಬ್ಯಾಡೋ ಮಾರಾಯಾ ಅಂತ ಕೈ ಮುಗಿತಾರ. ನೀ ಕೊಯ್ರಿ ಅಂತ ಹೊಟ್ಟಿ ಕೊಡಾಕ ನಿಂತಿ."

"ನನ್ನ ಹೊಟ್ಟಿ. ನಾ ಕೊಡ್ತೇನಿ."

"ಮೂರ ತಿಂಗಳ ಏಳಾಕ ಆಗೂದಿಲ್ಲ, ಗೊತ್ತೈತಿ?"

"ಗೊತ್ತೈತಿ," ಅಂದಳು ಕೆಂಚವ್ವ. ಆ ಮಾತನ್ನು ಅವಳು ಅಂದ ರೀತಿ ಮಹಾದೇವನ ಕಿವಿಗೆ ಬಿದ್ದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಅವನು ಬದನೆಕಾಯಿ ಹೆಚ್ಚುವ ಗಡಿಬಿಡಿಯಲ್ಲಿದ್ದ.

ಕರೆಂಟ್ ಅಂದರೆ ಹೆದರಿದ್ದಾಳೆ ಅಂತ ತಂದೆ-ಮಗ ಸೇರಿ ತೀರ್ಮಾನ ಮಾಡಿದರು. ನಮ್ಮ ಕಡೆ ಕರೆಂಟ್ ಕೊಟ್ಟರು ಅಂದರೆ ಇನ್ನು ಆಸೆ ಬಿಟ್ಟರು ಅಂತಲೇ ಜನ ತಿಳಿಯುತ್ತಾರೆ. ಹೆದರಿಕೆ ಬಿಡಿಸಲು ಗಂಗಪ್ಪ ಹಜರತಸಾಬನನ್ನು ಕರೆತಂದ. ಹಜರತಸಾಬ ಟೆಂಪೋ ಇಟ್ಟುಕೊಂಡವನು, ಖಾನಾವಳಿಗೆ ಜೋಳದ ಚೀಲ ತಂದು ಇಳಿಸುವವನೂ ಅವನೇ. ಗಂಟಲ ಕ್ಯಾನ್ಸರಿಗೆ ಒಂದೂವರೆ ತಿಂಗಳು ಕರೆಂಟ್ ತಗೊಂಡು ಗಟ್ಟಿಯಾಗಿ ಓಡಾಡಿಕೊಂಡಿದ್ದಾನೆ.

"ಅಕ್ಕಾರ, ಗಾಬರಿ ಆಗಬ್ಯಾಡ್ರಿ," ಅಂತ ಅವನು ಚಹಾದ ಬಸಿ ಹಿಡಿದು ಕೂತ. "ಮಷೀನ್ ಅಷ್ಟ ಸುತ್ತ ತಿರಗತೈತ್ರಿ, ಮೈಗೆ ಮುಟ್ಟೂದಿಲ್ಲ. ನಂದು ಹಳೇ ತರದ್ದು, ಗಂಟಲೆಲ್ಲಾ ಸುಟ್ಟು ನೀರ ನುಂಗಾಕ ಆಗ್ತಿರಲಿಲ್ಲ. ನಿಮ್ಮದು ಐದ ಸಲಕ್ಕ ಖಲಾಸ್ ಅಂತ. ನಿಮ್ಮ ನಸೀಬ ಚೊಲೋ ಐತಿ."

ಕೆಂಚವ್ವ ಎಲ್ಲ ಕೇಳಿದಳು. "ಅವಾಗ ಟೆಂಪೋ ಯಾರ ಓಡಸಿದ್ರು, ಸಾಬಣ್ಣಾ?"

"ಮಗಾ ಓಡಸಿದಾ, ಇಸ್ರಾರ. ನಾ ಹಾಸಿಗಿ ಮ್ಯಾಲ ಇದ್ದೆ. ನಮ್ಮಾಕಿ ಹಸೀನಾಬಿ ಎರಡ ತಿಂಗಳ ಕೆಳಗ ಕಾಲ ಇಡಾಕ ಬಿಡಲಿಲ್ಲ."

"ಚೊಲೋ ಆತು ಬಿಡು," ಅಂದಳು ಕೆಂಚವ್ವ. ಅವನ ಬಸಿಗೆ ಇನ್ನಷ್ಟು ಚಹಾ ಹಾಕಿ, "ನನಗ ಮಾತ್ರ ಕೊಯ್ಲಿ," ಅಂದಳು.

ಹಜರತಸಾಬ ಗಂಗಪ್ಪನ ಕಡೆ ನೋಡಿ ಕೈ ಚೆಲ್ಲಿದ.

ಮಧುವಿಗೆ ಮಾತ್ರ ಎಲ್ಲೋ ಏನೋ ಬೇರೆ ಇದೆ ಅನ್ನಿಸಿತ್ತು. ಮಧು ಊರಿನ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ, ಇತಿಹಾಸ ಹೇಳುತ್ತಾಳೆ. ಅತಿಥಿ ಅಂದರೆ ಹೆಸರಿಗೆ ತಕ್ಕಂತೆ, ಯಾವಾಗ ಬೇಕಾದರೂ ಹೋಗಿ ಬನ್ನಿ ಅನ್ನಿಸಿಕೊಳ್ಳುವ ನೌಕರಿ. ಭಾನುವಾರ ಮಧ್ಯಾಹ್ನ ಊಟದ ಗದ್ದಲ ಮುಗಿದು, ಅತ್ತೆ-ಸೊಸೆ ಹಿತ್ತಿಲ ಕಟ್ಟೆಯ ಮೇಲೆ ಪುಂಡಿಪಲ್ಯ ಸೋಸುತ್ತ ಕೂತಿದ್ದರು.

"ಅತ್ತಿ, ಖರೇ ಹೇಳ್ರಿ. ಕರೆಂಟಿಗೆ ಅಂಜೀರೇನು?"

"ನಾ ಯಾತಕ್ಕೂ ಅಂಜಿಲ್ಲ."

"ಮತ್ತ?"

ಕೆಂಚವ್ವ ನಾಲ್ಕು ದಂಟು ಸೋಸಿ ಆದ ಮೇಲೆ ಬಾಯಿ ಬಿಟ್ಟಳು. "ಹಿಂದಕ ಕೊಯ್ದಾಗ ನಾ ಮ್ಯಾಲಿನ ಖೋಲ್ಯಾಗ ಮಕ್ಕೊಂಡಿದ್ದೆ, ನೆನಪೈತಿ?"

"ಐತ್ರಿ."

"ಲಗ್ನಾಗಿ ಬಂದ ಮ್ಯಾಲ ಹಗಲ ಹೊತ್ತಿನ್ಯಾಗ ಮಕ್ಕೊಂಡಿದ್ದು ಅವಾಗನ. ಮಧ್ಯಾಹ್ನ ಕಿಡಕ್ಯಾಗ ಬಿಸಲ ಸರೀತಿತ್ತು, ಅದನ್ನ ನೋಡ್ಕೋತ ಮಕ್ಕೊಂಡಿರ್ತಿದ್ದೆ. ನಿಮ್ಮ ಮಾವ ತಮ್ಮ ಕೈಲೆ ಗಂಜಿ ತಂದ ಕೊಡಾವ್ರು. ಏನ ಉಣ್ತಿ ಅಂತ ಕೇಳಾವ್ರು. ಅಲ್ಲೀತನಾ ಒಮ್ಮೆನೂ ಕೇಳಿದ್ದಿಲ್ಲ ಅವ್ರು. ನೋಡಾಕ ಬಂದವ್ರಿಗೆ ಹೊಲಿಗಿ ತೋರಸ್ತಿದ್ದೆ. ನೋಡಿದವ್ರು, ಏಳಬ್ಯಾಡ್ರಿ ಮಕ್ಕೋರಿ, ಅಂತಿದ್ರು." ಅವಳು ದಂಟನ್ನು ಪುಟ್ಟಿಯಲ್ಲಿ ಹಾಕಿದಳು. "ಈ ಕಿರಣದ್ದು ಏನ ತೋರಸ್ಲಿ? ಗಾಯಾನ ಇಲ್ಲಂದ್ರ ಯಾರ ಮಕ್ಕೋ ಅಂತಾರ?"

ಮಧುವಿಗೆ ಅಯ್ಯೋ ಪಾಪ ಅನ್ನಿಸಿತು. ಅದರ ಬೆನ್ನಿಗೇ ಸಿಟ್ಟೂ ಬಂತು, ಏಕೆಂದರೆ ಆ ದಿನಗಳು ಅವಳಿಗೂ ನೆನಪಿದ್ದವು.

"ಅವಾಗ ಹಂಚಿನ ಮುಂದ ಯಾರ ಕುಂತಿದ್ರು, ಅದೂ ನೆನಪೈತೇನ್ರಿ?"

ಕೆಂಚವ್ವ ಇನ್ನೊಂದು ದಂಟು ಕೈಗೆತ್ತಿಕೊಂಡಳು. ಆಗ ಮಧು ಕಾಲೇಜು ಬಿಟ್ಟು ಕೂತಿದ್ದಳು. ಕೆಲವು ದಿನಕ್ಕೆ ಅಂತ ಬಿಟ್ಟದ್ದು ವರ್ಷವಾಯಿತು. ಬೆರಳು ಸುಟ್ಟುಕೊಂಡಳು, ಹಮಾಲರ ಕೈಲಿ ರೊಟ್ಟಿ ದಪ್ಪ ಅಂತ ಅನ್ನಿಸಿಕೊಂಡಳು. ಅವಳ ಜಾಗಕ್ಕೆ ಕಾಲೇಜಿನವರು ಬೇರೆಯವರನ್ನು ತಗೊಂಡಿದ್ದರು, ಮತ್ತೆ ಸಿಕ್ಕಿದ್ದು ಹೋದ ಸಲ ತರಗತಿ ಶುರುವಾದಾಗ.

"ನಿನ್ನ ಕುಂದ್ರು ಅಂತ ನಾ ಅಂದಿಲ್ಲಲ್ಲ," ಅಂದಳು ಕೆಂಚವ್ವ ಕಡೆಗೆ.

"ನೀವು ಅನ್ನೂದಿಲ್ರಿ. ನೀವು ಮಕ್ಕೊಂಡ್ರ ಮನಿಮಂದಿ ಎಲ್ಲಾ ನನ್ನ ಮಾರಿ ನೋಡ್ತಾರ. ಯಾರೂ ಏನೂ ಅನ್ನೂದಽ ಬ್ಯಾಡ."

ಇಬ್ಬರ ಮಾತೂ ಖರೆ. ಪುಂಡಿಪಲ್ಯ ಸೋಸಿ ಮುಗಿಯಿತು. ಸಂಜೆಯ ಹಿಟ್ಟಿಗೆ ಎಸರಿಡಲು ಕೆಂಚವ್ವ ಎದ್ದು ಹೋದಳು.

ಬೆಳಗಾವಿಗೆ ಈ ಸಲ ಮೂವರು ಹೋದರು, ಗಂಗಪ್ಪ, ಕೆಂಚವ್ವ, ಮಧು. ಎಲ್ಲರೂ ಡಾಕ್ಟರ್ ಬಾಯಿ ಅಂತ ಕರೆಯುವ ಆ ಡಾಕ್ಟರಮ್ಮ ಸಮಾಧಾನದವಳು, ಸ್ಕ್ಯಾನಿನ ಚಿತ್ರ ತೋರಿಸಿ ತೋರಿಸಿ ಹೇಳಿದಳು.

"ಕೊಯ್ದ್ರ ಲಿವರಿಂದ ಒಂದ ಭಾಗ ತಗೀಬೇಕಾಗ್ತದ. ಹಿಂದಿನ ಆಪರೇಷನ್ ಆದ ಹೊಟ್ಟಿ, ಸುಧಾರಸಾಕ ಎರಡ ಮೂರ ತಿಂಗಳ ಬೇಕು. ಕಿರಣದಾಗ ಆ ತ್ರಾಸ ಇಲ್ಲ. ಇಂಥಾ ಸಣ್ಣ ಗಂಟಿಗೆ ಅದೂ ಚೊಲೋ ಕೆಲಸ ಮಾಡ್ತದ. ಸ್ವಲ್ಪ ದಣಿವು ಆಗಬಹುದು, ಓಕರಿಕಿ ಬರಬಹುದು. ಮನ್ಯಾಗ ಇವ್ರಿಗೆ ಕೆಲಸ ಏನಿರ್ತದ?"

"ಏನೂ ಇಲ್ರಿ," ಅಂದ ಗಂಗಪ್ಪ. "ಮನ್ಯಾಗ ಇರ್ತಾಳ."

ಅವನು ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ. ಗಲ್ಲಾದ ಮೇಲೆ ಕೂರುವುದು ಕೆಲಸ, ಸಂತೆಗೆ ಹೋಗಿ ಕಾಯಿಪಲ್ಯ ತರುವುದು ಕೆಲಸ. ಹೆಂಡತಿ ರೊಟ್ಟಿ ಬಡಿಯುವುದು ಕೆಲಸ ಅಂತ ಅವನ ಅಪ್ಪನೂ ಅಂದಿರಲಿಲ್ಲ, ಅವನೂ ಅಂದುಕೊಂಡಿರಲಿಲ್ಲ. ಇಡೀ ಸಂಸಾರವೇ ಅದರ ಮೇಲೆ ನಿಂತಿದೆ ಅನ್ನುವುದು ಬೇರೆ ಮಾತು.

"ಹಂಗಾದ್ರ ತೊಂದ್ರಿ ಇಲ್ಲ. ದಿನದ ಕೆಲಸ ಮಾಡ್ಕೋತ ಇರಬಹುದು," ಅಂದು ಡಾಕ್ಟರ್ ಬಾಯಿ ಕೆಂಚವ್ವನ ಕಡೆ ತಿರುಗಿದಳು. "ನಿಮಗ ಏನನ್ನಸ್ತದ, ತಾಯಿ? ಹೇಳ್ರಿ. ಕೊಯ್ಯೂದ ಬೇಕು ಅಂದ್ರೂ ಆಗ್ತದ."

ಕೆಂಚವ್ವ ಗಂಡನನ್ನು ನೋಡಲಿಲ್ಲ, ಮಧುವನ್ನು ನೋಡಿದಳು. ಮಧು ತನ್ನ ಚೀಲದ ಚೈನು ಎಳೆಯುವುದು, ಬಿಡುವುದು ಮಾಡುತ್ತಿದ್ದಳು. ಒಂದು ಮಾತು ಆಡಬೇಕಾದ ಹೊತ್ತು ಅದು. ಇವರು ದಿನವಿಡೀ ಬೆಂಕಿಯ ಮುಂದೆ ಕೂತಿರುತ್ತಾರೆ ಅಂತ ಅಂದಿದ್ದರೆ ಸಾಕಿತ್ತು. ಮಧು ಆಡಲಿಲ್ಲ. ಆಡಿದರೆ ಆ ಬೆಂಕಿಯ ಮುಂದೆ ಯಾರು ಅನ್ನುವುದು ಅವಳಿಗೆ ಗೊತ್ತಿತ್ತು.

"ಮನ್ಯಾಗ ಅಂದಂಗ ಆಗ್ಲಿರಿ," ಅಂದಳು ಕೆಂಚವ್ವ.

ಮೊದಲು ಅಳತೆಯ ಸ್ಕ್ಯಾನ್ ಆಯಿತು, ಆಮೇಲೆ ಕಿರಣ ಶುರುವಾಯಿತು. ಮಧು ಪಾಠದ ಹೊತ್ತು ಹಿಂದೆಮುಂದೆ ಮಾಡಿಕೊಂಡು ಅತ್ತೆಯ ಜೊತೆ ಹೋಗಿಬಂದಳು. ಅಷ್ಟಾದರೂ ಮಾಡದಿದ್ದರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಒಳಗೆ ತಣ್ಣಗಿನ ಕೋಣೆ. ಬೆನ್ನ ಕೆಳಗೆ ಒಂದು ಮೆತ್ತನೆಯ ಚೀಲ, ಗಾಳಿ ಎಳೆದರೆ ಅದು ಕೆಂಚವ್ವನ ಮೈಯ ಆಕಾರಕ್ಕೆ ಗಟ್ಟಿಯಾಗಿ ನಿಲ್ಲುತ್ತಿತ್ತು. ಅಲುಗಾಡಬೇಡಿ, ಉಸಿರು ಹಿಡಿಯಿರಿ, ಬಿಡಿರಿ ಅಂತ ಗೋಡೆಯಿಂದ ಧ್ವನಿ ಬರುತ್ತಿತ್ತು. ಮಷೀನು ಸುತ್ತ ತಿರುಗುತ್ತಿತ್ತು.

ಎರಡನೆಯ ಸಲ ಮಷೀನಿನ ಹುಡುಗ ನಗುತ್ತ ಹೊರಗೆ ಬಂದು ಮಧುವಿಗೆ ಹೇಳಿದ. "ನಿಮ್ಮ ಅತ್ತಿಯಾರಿಗೆ ನಿದ್ದಿ ಹತ್ತಿತ್ರಿ. ಉಸಿರ ಹಿಡೀರಿ ಅಂದ್ರ ಸುದ್ದಿನ ಇಲ್ಲ. ಎಲ್ಲಾರೂ ಯಾವಾಗ ಮುಗೀತೈತಿ ಅಂತ ಕೇಳ್ತಾರ, ಇವ್ರು ಇಷ್ಟ ಏನು, ಇನ್ನಷ್ಟ ಹೊತ್ತ ಮಾಡ್ರಿ ಅಂತಾರ."

ಅವನಿಗೆ ಅದು ಮೋಜು. ಮಧುವಿಗೆ ನಗು ಬರಲಿಲ್ಲ. ಇಡೀ ದಿನದಲ್ಲಿ ಅತ್ತೆಗೆ ಮಲಗಲು ಸಿಕ್ಕ ಜಾಗ ಅದೊಂದೇ ಅನ್ನುವುದು ಅವನಿಗೇನು ಗೊತ್ತು.

ಮೂರನೆಯ ಸಲ ಹೋಗಿಬಂದ ಸಂಜೆ ಯಾರ್ಡಿನಲ್ಲಿ ಮಾಲು ಬಹಳ ಬಂದಿತ್ತು, ಖಾನಾವಳಿ ತುಂಬಿತ್ತು. ಬಸ್ಸಿಳಿದು ಬಂದ ಕೆಂಚವ್ವ ಸೀರೆ ಬದಲಿಸಿ ಹಂಚಿನ ಮುಂದೆ ಕೂತಳು. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಮುಂದಿನವರೆಗೂ ಬಂತು. ಮಹಾದೇವ ಒಳಗೆ ಓಡಿದ. ರೊಟ್ಟಿ ಹಂಚಿನ ಮೇಲೆ ಕರಕಾಗಿತ್ತು, ಕೆಂಚವ್ವ ಮೋರಿಯ ಹತ್ತಿರ ಕೂತು ವಾಂತಿ ಮಾಡುತ್ತಿದ್ದಳು. ಅವಳ ಬೆನ್ನು ಹಿಡಿದು ಮಧು ಕೂತಿದ್ದಳು.

"ಏನಾತು?" ಅಂತ ಗಂಗಪ್ಪನೂ ಬಂದ. "ಡಾಕ್ಟರ್ ಏನೂ ಆಗೂದಿಲ್ಲ ಅಂದಿದ್ರಲ್ಲ. ದಿನದ ಕೆಲಸ ಮಾಡಬಹುದು ಅಂದಾರ."

"ಮಾವಾರ, ದಿನದ ಕೆಲಸ ಯಾವ್ದು ಅಂತ ನೀವು ಡಾಕ್ಟರಿಗೆ ಹೇಳಿದ್ರೇನ್ರಿ?"

"ಏನ ಹೇಳಬೇಕಿತ್ತು?"

"ಏನೂ ಇಲ್ಲ ಅಂದ್ರಿ."

"ನೀನೂ ಅಲ್ಲೇ ಇದ್ದೆಲ್ಲ," ಅಂದ ಗಂಗಪ್ಪ. "ನೀ ಓದಿದಾಕಿ. ನೀ ಹೇಳಬೇಕಿತ್ತು."

ಮಧು ಸೆರಗಿನಿಂದ ಅತ್ತೆಯ ಬಾಯಿ ಒರೆಸಿದಳು. ಮಹಾದೇವ ನಡುವೆ ಬಂದು, "ಇವತ್ತ ಒಂದ ಹೊತ್ತ ನೀ ಬಡಿ, ಮಧು. ಮುಂದ ಮಂದಿ ಕುಂತಾರ," ಅಂದ.

"ನೀವು ಬಡೀರಿ."

"ನನಗೆಲ್ಲಿ ಬರ್ತೈತಿ?"

"ನನಗೂ ಹುಟ್ಟತ್ಲೆ ಬಂದಿದ್ದಿಲ್ಲ. ಕೈ ಅದಾವಲ್ಲ ನಿಮಗೂ."

ಮಹಾದೇವನಿಗೆ ಅದು ಜಗಳ ಅನ್ನಿಸಿತು, ಮಾತು ಅನ್ನಿಸಲಿಲ್ಲ. ಮುಂದೆ ಹೋಗಿ, ಇವತ್ತು ರೊಟ್ಟಿ ಇಲ್ಲ, ಅನ್ನ ಉಣ್ಣಿರಿ ಅಂತ ಗಿರಾಕಿಗಳಿಗೆ ಕೈ ಮುಗಿದ. ಅರ್ಧ ಜನ ಎದ್ದು ಹೋದರು.

ಮರುದಿನ ರೊಟ್ಟಿ ಬಡಿಯಲು ಒಬ್ಬ ಹೆಂಗಸನ್ನು ಕೆಲಸಕ್ಕೆ ಇಟ್ಟುಕೊಂಡರು. ಕೆಂಚವ್ವ ಮೇಲಿನ ಖೋಲಿಯಲ್ಲಿ ಮಲಗಿದಳು, ಆದರೆ ಮಲಗಲು ಅವಳಿಗೂ ಬರಲಿಲ್ಲ. ಕೆಳಗಿನಿಂದ ತಟ್ಟುವ ಸದ್ದು ಕೇಳಿ, "ಎಸರ ಕುದ್ದಿಲ್ಲ ಅದು, ಹಿಟ್ಟ ಬಿರೀತದ," ಅಂತ ಮೆಟ್ಟಿಲ ತುದಿಗೆ ಬಂದು ನಿಲ್ಲುತ್ತಿದ್ದಳು. ನೋಡಲು ಯಾರೂ ಬರಲಿಲ್ಲ. ಆಪರೇಷನ್ ಇಲ್ಲವಂತಲ್ಲ, ಮತ್ತೇನು ನೋಡುವುದು ಅಂತ ಓಣಿಯ ಹೆಂಗಸರು ಸುಮ್ಮನಿದ್ದರು. ಹಮಾಲರು ರೊಟ್ಟಿಯ ದಪ್ಪ ಅಂಚು ತಾಟಿನಲ್ಲೇ ಬಿಟ್ಟು ಏಳತೊಡಗಿದರು. ದುಂಡಪ್ಪ ಅನ್ನುವ ದಲಾಲ ಕೈ ತೊಳೆದು ಹೋಗುವಾಗ, "ಬೋರ್ಡಿನ ಮ್ಯಾಲ ಕೆಂಚವ್ವ ಅದಾಳ, ಒಳಗ ಯಾರದಾರಪಾ?" ಅಂತ ನಕ್ಕ. ಗಂಗಪ್ಪನಿಗೆ ಅದು ಮುಳ್ಳು ಚುಚ್ಚಿದಂತಾಯಿತು. ಐದನೆಯ ಸಲ ಮುಗಿದು ಅತ್ತೆ-ಸೊಸೆ ಬೆಳಗಾವಿಯಿಂದ ಬರುವಷ್ಟರಲ್ಲಿ ರೊಟ್ಟಿಯ ಹೆಂಗಸನ್ನು ಕಳಿಸಿಬಿಟ್ಟಿದ್ದ.

"ಮುಗೀತಲ್ಲ ಎಲ್ಲಾ," ಅಂದ ಹೆಂಡತಿಗೆ, ಬಹಳ ಪ್ರೀತಿಯಿಂದಲೇ. "ಇನ್ನ ಮದ್ಲಿನಂಗ."

ಕೆಂಚವ್ವ ಮೊದಲಿನ ಹಾಗೆ ಕೂತಳು. ಅವಳ ಕೈ ತಟ್ಟುತ್ತಿತ್ತು, ಮುಖದಲ್ಲಿ ಮಾತ್ರ ಏನೂ ಇರಲಿಲ್ಲ. ಮನೆಯಲ್ಲಿ ಜಗಳ ನಿಂತಿತು, ನಿಂತದ್ದನ್ನು ಗಂಡಸರು ಸಮಾಧಾನ ಅಂದುಕೊಂಡರು.

ಮೂರು ತಿಂಗಳ ಮೇಲೆ ಮತ್ತೆ ಸ್ಕ್ಯಾನ್. ಅಂದು ಯಾರ್ಡಿನ ದೊಡ್ಡ ದಿನ, ಗಂಗಪ್ಪನಿಗೆ ಗಲ್ಲಾ ಬಿಡಲು ಆಗಲಿಲ್ಲ, ಮಧು ಕರೆದುಕೊಂಡು ಹೋದಳು. ಡಾಕ್ಟರ್ ಬಾಯಿ ಚಿತ್ರ ನೋಡಿ ಮುಖ ಅರಳಿಸಿದಳು.

"ಚೊಲೋ ಸುದ್ದಿ, ತಾಯಿ. ಗಂಟು ಸಣ್ಣಾಗೇತಿ. ಜೀವಾ ಇದ್ದಂಗ ಕಾಣೂದಿಲ್ಲ. ಬ್ಯಾರೆ ಕಡೆ ಎಲ್ಲೂ ಏನೂ ಇಲ್ಲ."

ಮಧುವಿಗೆ ಕಣ್ಣು ತುಂಬಿ ಬಂತು. ಆ ಗಳಿಗೆಯಲ್ಲಿ ಅವಳಿಗೆ ಕಾಲೇಜೂ ನೆನಪಾಗಲಿಲ್ಲ, ಒಲೆಯೂ ನೆನಪಾಗಲಿಲ್ಲ. ಅತ್ತೆ ಬದುಕಿದಳು ಅಂತ ಅಷ್ಟೇ ಅನ್ನಿಸಿ ಅವಳ ಕೈ ಹಿಡಿದಳು. ಕೆಂಚವ್ವ ಕೈ ಬಿಡಿಸಿಕೊಳ್ಳಲಿಲ್ಲ, ಡಾಕ್ಟರನ್ನೇ ನೋಡುತ್ತಿದ್ದಳು.

"ಇನ್ನೊಂದ ಬರಬಹುದೇನ್ರಿ, ಬಾಯಾರ?"

"ಬರಬಾರದು. ಬರೂದಽ ಇಲ್ಲ ಅಂತ ನಾನೂ ಹೇಳಾಕ ಆಗೂದಿಲ್ಲ, ಅದಕ್ಕನ ನೋಡ್ಕೋತ ಇರೂದು." ಡಾಕ್ಟರ್ ಬಾಯಿ ಅವಳ ಹೆಗಲ ಮೇಲೆ ಕೈ ಇಟ್ಟಳು. "ಬಂದ್ರೂ ಅಂಜಬ್ಯಾಡ್ರಿ. ಸಾಧ್ಯ ಇದ್ರ ಮತ್ತ ಹಿಂಗ ಕಿರಣಾನ ಬಿಡೋಣು. ನಿಮ್ಮ ಮೈಗೆ ಇದು ಹೊಂದೇತಿ. ಕೊಯ್ಯೂ ಪ್ರಸಂಗ ಬರಲಿಕ್ಕಿಲ್ಲ."

"ಹೌದ್ರಿ?" ಅಂದಳು ಕೆಂಚವ್ವ. ಹಿಡಿದ ಕೈ ಸಡಿಲಾದದ್ದು ಮಧುವಿಗೆ ಗೊತ್ತಾಯಿತು.

ಬಸ್ಸಿನಲ್ಲಿ ಊರು ಹತ್ತಿರ ಬರುವವರೆಗೂ ಮಧುವಿಗೆ ಕೇಳಲು ಧೈರ್ಯ ಬರಲಿಲ್ಲ. "ಅತ್ತಿ, ಹಂಗ್ಯಾಕ ಕೇಳಿದ್ರಿ ಡಾಕ್ಟರಿಗೆ?"

"ಸುಮ್ಮ ಕೇಳಿದೆ," ಅಂದಳು ಕೆಂಚವ್ವ, ಕಿಟಕಿಯ ಕಡೆ ತಿರುಗಿ. ಇನ್ನೊಂದು ಗಂಟು ಬರಲಿ ಅಂತ ಅತ್ತೆ ಕಾಯುತ್ತಿದ್ದಾಳೇನೋ ಅನ್ನಿಸಿ ಮಧು ಹೆದರಿದಳು. ಇಷ್ಟು ಕಾಲದಲ್ಲಿ ಅವಳು ಅಷ್ಟು ಹೆದರಿರಲಿಲ್ಲ, ಮೊದಲ ಸಲ ಕ್ಯಾನ್ಸರ್ ಅಂದಾಗಲೂ ಇಲ್ಲ.

ಸುದ್ದಿ ಫೋನಿನಲ್ಲೇ ಮುಟ್ಟಿತ್ತು. ಗಂಗಪ್ಪ ಪೇಡೆಯ ಪೊಟ್ಟಣ ಬಿಚ್ಚಿ ಊಟಕ್ಕೆ ಕೂತವರಿಗೆಲ್ಲ ತಾನೇ ಹಂಚುತ್ತಿದ್ದ. ಹಜರತಸಾಬನ ಬಾಯಿಗೆ ಒಂದು ಇಟ್ಟು, "ಕ್ಯಾನ್ಸರ್ ಅಂದ್ರ ಕ್ಯಾನ್ಸರ್. ಒಂದ ದಿನ ಹಾಸಿಗಿ ಹಿಡೀಲಿಲ್ಲ ನೋಡು ನಮ್ಮಾಕಿ," ಅಂದ. ಹೆಂಡತಿಯ ಮೇಲೆ ಅವನಿಗೆ ಜೀವವಿತ್ತು, ಇಲ್ಲ ಅಂತ ಯಾರೂ ಅನ್ನುವಂತಿಲ್ಲ.

ಕೆಂಚವ್ವ ಹಿತ್ತಿಲಲ್ಲಿ ಕಾಲು ತೊಳೆದು ಬರುವಷ್ಟರಲ್ಲಿ ಮಧು ಬೆಳಗಾವಿಗೆ ಉಟ್ಟುಹೋಗಿದ್ದ ಕಾಲೇಜಿನ ಸೀರೆಯಲ್ಲೇ ಹಂಚಿನ ಮುಂದೆ ಕೂತು ಹಿಟ್ಟು ನಾದುತ್ತಿದ್ದಳು.

"ನೀವು ಮ್ಯಾಲ ಹೋಗಿ ಮಕ್ಕೋರಿ, ಅತ್ತಿ. ಇವತ್ತ ನಾ ಬಡೀತೇನಿ."

"ಏಳು."

"ಒಂದ ದಿನಾರಿ."

"ನಾನೂ ಒಂದ ದಿನಾ ಅಂತನ ಕುಂತಾಕಿ," ಅಂದಳು ಕೆಂಚವ್ವ. "ನಮ್ಮ ಅತ್ತಿಗೆ ಜ್ವರಾ ಬಂದಿದ್ವು."

ಮಧು ಅವಳ ಮುಖ ನೋಡಿದಳು. ಕೆಂಚವ್ವ ಬಗ್ಗಿ, ಹಿಟ್ಟು ಮೆತ್ತಿದ ಸೊಸೆಯ ಎರಡೂ ಕೈ ಹಿಡಿದು ಎಬ್ಬಿಸಿದಳು. ಕಿರಣ ತಗೊಂಡ ಮೈಯಲ್ಲಿ ಅಷ್ಟು ಶಕ್ತಿ ಎಲ್ಲಿತ್ತೋ. "ಕೈ ತೊಳ್ಕೋ ಹೋಗು. ಒಣಗಿದ್ರ ಬಿಡೂದಿಲ್ಲ ಅದು."

ಮಧು ಎದ್ದಳು. ಎದ್ದದ್ದಕ್ಕೆ ಅವಳಿಗೆ ನಾಚಿಕೆಯಾಯಿತು, ಜೀವ ಹಗುರವೂ ಆಯಿತು, ಎರಡೂ ಸೇರಿ ಅಳು ಬಂತು. ಮುಂದಿನಿಂದ ಮಹಾದೇವ ನಾಲ್ಕು ತಾಟಿಗೆ ರೊಟ್ಟಿ ಕೇಳಿದ. ಕೆಂಚವ್ವ ಸೀರೆ ಮಡಚಿ ಕೂತು, ಸೊಸೆ ಅರ್ಧ ನಾದಿ ಬಿಟ್ಟ ಹಿಟ್ಟನ್ನು ಹತ್ತಿರ ಎಳೆದುಕೊಂಡಳು.